ಗುಂಡಿನ ಸದ್ದು ಕೇಳುವ ಬೀದಿಯಲ್ಲಿ ಬದುಕು: ಫಿಲಡೆಲ್ಫಿಯಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ವೆಸ್ಟ್ ಫಿಲಡೆಲ್ಫಿಯಾದಲ್ಲಿ. ಬಾಲ್ಟಿಮೋರ್ ಅವೆನ್ಯೂ ಮೇಲೆ ಟ್ರಾಲಿ ಓಡುತ್ತದಲ್ಲ, ಅಲ್ಲಿಂದ ಸ್ವಲ್ಪ ಒಳಗೆ, ಇಟ್ಟಿಗೆಯ ಸಾಲು ಮನೆ. 2017ರಲ್ಲಿ ಬಂದಾಗ ವರ್ಷಕ್ಕೆ ಒಂದೆರಡು ಸಲ ದೂರದಲ್ಲಿ ಗುಂಡಿನ ಸದ್ದು ಕೇಳುತ್ತಿತ್ತು. 2020ರ ಬೇಸಿಗೆಯಿಂದ ಅದು ವಾರದ ಮಾತಾಯಿತು. ಆಗಿನಿಂದ ಕನ್ನಡದವರು ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಯುಗಾದಿ ಊಟದ ಪಂಕ್ತಿಯಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನು ವಕೀಲಳಲ್ಲ, ಡಾಕ್ಟರಲ್ಲ. ಇಲ್ಲೇ ಇದ್ದು ಕಲಿತದ್ದನ್ನು ಹೇಳುತ್ತಿದ್ದೇನೆ.

ಫಿಲಡೆಲ್ಫಿಯಾ ಅಷ್ಟೊಂದು ಅಪಾಯದ ಊರಾ? ಮಗಳಿಗೆ ಅಲ್ಲಿ ಸೀಟು ಸಿಕ್ಕಿದೆ, ಕಳಿಸೋಣವೇ?

ಕಳಿಸಿ. ಆದರೆ ವಿಷಯ ತಿಳಿದುಕೊಂಡು ಕಳಿಸಿ.

2021ರಲ್ಲಿ ಈ ಊರಿನಲ್ಲಿ 562 ಕೊಲೆಗಳಾದವು. ಊರಿನ ದಾಖಲೆಯಲ್ಲೇ ಅಷ್ಟು ಯಾವತ್ತೂ ಆಗಿರಲಿಲ್ಲ. 1990ರಲ್ಲಿ 500 ಆಗಿದ್ದೇ ಅಲ್ಲಿಯವರೆಗಿನ ಅತಿ ಹೆಚ್ಚು. 2022ರಲ್ಲಿ 516. ಬಹುಪಾಲು ಬಂದೂಕಿನಿಂದಲೇ ಆದ ಸಾವುಗಳು. ಗುಂಡು ತಗುಲಿಯೂ ಬದುಕಿ ಉಳಿದವರ ಲೆಕ್ಕ ಇದರಲ್ಲಿ ಬರುವುದೇ ಇಲ್ಲ. ಆಮೇಲೆ ಇಳಿಯಿತು. 2023ರಲ್ಲಿ 410, 2024ರಲ್ಲಿ 269.

ಇದು ಊರಿಡೀ ಒಂದೇ ಸಮನೆ ಹರಡಿಕೊಂಡಿಲ್ಲ ಅನ್ನುವುದು ಮುಖ್ಯ. ಕೆನ್ಸಿಂಗ್ಟನ್, ನಾರ್ತ್ ಫಿಲಡೆಲ್ಫಿಯಾ, ಕಿಂಗ್‌ಸೆಸಿಂಗ್, ಸ್ಟ್ರಾಬೆರಿ ಮ್ಯಾನ್ಶನ್ ಕಡೆಯ ಕೆಲವು ಬೀದಿಗಳಲ್ಲೇ ಮತ್ತೆ ಮತ್ತೆ ಆಗುತ್ತದೆ. ಅದೇ ಬಡಾವಣೆಯಲ್ಲಿ ಎರಡು ಬೀದಿ ಆಚೆ ವರ್ಷಗಟ್ಟಲೆ ಏನೂ ಆಗಿರುವುದಿಲ್ಲ. ಎಲ್ಲೆಲ್ಲಿ, ಯಾವತ್ತು ಗುಂಡು ಹಾರಿತು ಅನ್ನುವ ನಕ್ಷೆಯನ್ನು ನಗರದ ಕಂಟ್ರೋಲರ್ ಕಚೇರಿ ಎಲ್ಲರೂ ನೋಡುವ ಹಾಗೆ ಇಟ್ಟಿದೆ. ಮನೆ ಬಾಡಿಗೆಗೆ ಹಿಡಿಯುವ ಮುಂಚೆ ಅದನ್ನು ನೋಡಿ. ಬ್ರೋಕರ್ ಮಾತಿಗಿಂತ ಅದು ನಂಬಿಕೆಗೆ ಅರ್ಹ.

ಇಲ್ಲಿನ ದೊಡ್ಡ ಯೂನಿವರ್ಸಿಟಿಗಳಲ್ಲಿ ರಾತ್ರಿ ಲೈಬ್ರರಿಯಿಂದ ಮನೆಯವರೆಗೆ ಒಬ್ಬರು ಜೊತೆಗೆ ನಡೆದುಬರುವ ವ್ಯವಸ್ಥೆ ಇದೆ, ದುಡ್ಡಿಲ್ಲದೆ. ಸಂಕೋಚಪಟ್ಟುಕೊಂಡು ನಮ್ಮ ಮಕ್ಕಳು ಕರೆಯುವುದೇ ಇಲ್ಲ. ಮೊದಲ ವಾರವೇ ಒಂದು ಸಲ ಕರೆದು ನೋಡಲು ಹೇಳಿ. ಆಮೇಲೆ ಸಂಕೋಚ ತಾನಾಗಿಯೇ ಹೋಗುತ್ತದೆ.

ಯಾಕೆ ಅಷ್ಟೊಂದು ಏರಿತು?

ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಕೋವಿಡ್ ಬಂತು. ಸ್ಕೂಲು, ಆಟದ ಕೇಂದ್ರ, ಲೈಬ್ರರಿ, ಈಜುಕೊಳ ಎಲ್ಲ ಮುಚ್ಚಿದವು. ಹದಿನಾರು ಹದಿನೇಳರ ಹುಡುಗರಿಗೆ ಹೋಗಲು ಜಾಗವೇ ಇಲ್ಲ. ಅದೇ ವರ್ಷ ದೇಶದ ತುಂಬ ಜನ ಮುಗಿಬಿದ್ದು ಬಂದೂಕು ಕೊಂಡರು. ಇನ್‌ಸ್ಟಾಗ್ರಾಂನಲ್ಲಿ ಶುರುವಾದ ಬೈದಾಟ ಸಂಜೆ ಹೊತ್ತಿಗೆ ಬೀದಿಗೆ ಬರುತ್ತಿತ್ತು. ಮೊದಲಾದರೆ ಕೈಕೈ ಮಿಲಾಯಿಸಿ ಮುಗಿಯುತ್ತಿದ್ದ ಜಗಳ ಈಗ ಗುಂಡಿನಲ್ಲಿ ಮುಗಿಯುತ್ತಿತ್ತು. 2021ರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಲೆ ಕೇಸುಗಳಲ್ಲಿ ಆರೋಪಿ ಸಿಕ್ಕಿರಲಿಲ್ಲ. ಸಿಕ್ಕಿಬೀಳುವುದಿಲ್ಲ ಅಂತ ಗೊತ್ತಾದರೆ ಹೊಡೆದವನಿಗೆ ಭಯ ಇರುವುದಿಲ್ಲ. ಸತ್ತವನ ಕಡೆಯವರು ತಾವೇ ನ್ಯಾಯ ತೀರಿಸಲು ಹೊರಡುತ್ತಾರೆ. ಒಂದು ಸಾವು ಇನ್ನೊಂದನ್ನು ಹುಟ್ಟಿಸುತ್ತದೆ.

ಇದರ ಕೆಳಗೆ ಇನ್ನೂ ಹಳೆಯ ಕಾರಣ ಇದೆ. 1930ರ ದಶಕದಲ್ಲಿ ಸರಕಾರವೇ ಅಮೆರಿಕದ ಊರುಗಳ ನಕ್ಷೆ ಬರೆಸಿತು. ಮನೆ ಸಾಲ ಕೊಡುವುದು ಅಪಾಯ ಅಂತ ಅನಿಸಿದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದರು. ಕಪ್ಪು ಜನ ಇದ್ದ ಬಡಾವಣೆಗಳು ಹೆಚ್ಚುಕಡಿಮೆ ಎಲ್ಲ ಕೆಂಪಾದವು. ಸಾಲ ಇಲ್ಲ, ರಿಪೇರಿ ಇಲ್ಲ, ಅಂಗಡಿ ಮುಂಗಟ್ಟು ಇಲ್ಲ. ಆ ನಕ್ಷೆಯನ್ನೂ ಇವತ್ತು ಗುಂಡು ಹಾರುವ ಜಾಗಗಳ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಎಷ್ಟೊಂದು ಕಡೆ ಒಂದಕ್ಕೊಂದು ಕೂರುತ್ತವೆ ಅಂದರೆ, ನಾನು ಮೊದಲ ಸಲ ನೋಡಿದ ದಿನ ಊಟ ಸೇರಲಿಲ್ಲ.

ಪಟಾಕಿಯೋ ಗುಂಡೋ, ಹೇಗೆ ಗೊತ್ತಾಗುತ್ತದೆ?

ಮೊದಲ ವರ್ಷ ಗೊತ್ತಾಗುವುದಿಲ್ಲ. ಇಲ್ಲಿನ ಸ್ವಾತಂತ್ರ್ಯ ದಿನ, ಜುಲೈ 4ರ ಸುಮಾರಿಗಂತೂ ಇನ್ನೂ ಕಷ್ಟ. ಪಟಾಕಿಗೆ ಒಂದು ಸಿಳ್ಳೆ, ಚಟಪಟ, ಆಮೇಲೆ ಜನರ ಕೂಗು ಇರುತ್ತದೆ. ಸರ ಪಟಾಕಿಯ ಸದ್ದು ಅಡ್ಡಾದಿಡ್ಡಿ. ಗುಂಡಿನ ಸದ್ದು ಒಣಗಿದ ಹಲಗೆಯ ಮೇಲೆ ಹಲಗೆ ಬಡಿದ ಹಾಗೆ, ಒಂದೇ ಅಳತೆಯಲ್ಲಿ ಬರುತ್ತದೆ. ಆಮೇಲೆ ಒಂದು ಕ್ಷಣ ಇಡೀ ಬೀದಿ ಸುಮ್ಮನಾಗುತ್ತದೆ. ನಾನು ಗುರುತು ಹಿಡಿಯುವುದು ಆ ಮೌನದಿಂದಲೇ. ಅನುಮಾನ ಇದ್ದರೆ ಗುಂಡು ಅಂತಲೇ ತಿಳಿದುಕೊಳ್ಳಿ.

ಸದ್ದು ಕೇಳಿದ ತಕ್ಷಣ ಏನು ಮಾಡಬೇಕು?

ಕಿಟಕಿಗೆ ಓಡಬೇಡಿ. ನಮ್ಮೆಲ್ಲರ ಮೊದಲ ಬುದ್ಧಿ ಅದೇ, ಏನಾಯ್ತು ಅಂತ ಇಣುಕುವುದು. ಬೇಡ. ನೆಲಕ್ಕೆ ಬಗ್ಗಿ. ಬೀದಿ ಕಡೆಯ ಕೋಣೆಯಿಂದ ಮನೆಯ ಹಿಂದಕ್ಕೆ ಹೋಗಿ. ಹೊರಗಿನ ಇಟ್ಟಿಗೆ ಗೋಡೆ ಸಾಕಷ್ಟು ತಡೆಯುತ್ತದೆ, ಒಳಗಿನ ತೆಳು ಗೋಡೆ ತಡೆಯುವುದಿಲ್ಲ. ಕಿಟಕಿಗಂತೂ ತಡೆಯುವ ಶಕ್ತಿ ಏನೂ ಇಲ್ಲ. ನಾವು ಮಗುವಿನ ಮಂಚವನ್ನು ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಹಾಕಿದ್ದು 2020ರ ಆಗಸ್ಟಿನಲ್ಲಿ. ಇವತ್ತಿಗೂ ಅಲ್ಲೇ ಇದೆ.

ಬೀದಿಯಲ್ಲಿದ್ದರೆ ಸದ್ದಿನ ದಿಕ್ಕು ಬಿಟ್ಟು ಓಡಿ. ಓಡಲಾಗದಿದ್ದರೆ ನಿಂತ ಕಾರಿನ ಎಂಜಿನ್ ಇರುವ ಭಾಗದ ಹಿಂದೆ, ಚಕ್ರದ ಪಕ್ಕ ಕುಳಿತುಕೊಳ್ಳಿ. ಕಾರಿನ ಬಾಗಿಲು ಗುಂಡನ್ನು ತಡೆಯುವುದಿಲ್ಲ. ಮೊಬೈಲ್‌ನಲ್ಲಿ ವಿಡಿಯೋ ತೆಗೆಯುತ್ತಾ ನಿಲ್ಲಬೇಡಿ.

ತುರ್ತು ನಂಬರ್ 911ಕ್ಕೆ ಎಲ್ಲರೂ ಫೋನ್ ಮಾಡಿರುತ್ತಾರೆ, ನಾನೂ ಮಾಡಬೇಕಾ? ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅವರು ಹೇಗೆ ಮಾಡಬೇಕು?

ಮಾಡಿ. ಎಲ್ಲರೂ ಮಾಡಿರುತ್ತಾರೆ ಅಂದುಕೊಂಡು ಯಾರೂ ಮಾಡದ ದಿನಗಳನ್ನು ನೋಡಿದ್ದೇನೆ.

ಮೊದಲು ಅಡ್ರೆಸ್ ಹೇಳಿ. ಈ ಊರಿನಲ್ಲಿ ಒಂದೇ ನಂಬರಿನ ಬೀದಿಗೆ ನಾರ್ತ್ ಅಂತ ಒಂದು, ಸೌತ್ ಅಂತ ಒಂದು ಇರುತ್ತದೆ. ಅದನ್ನು ಸೇರಿಸಿಯೇ ಹೇಳಬೇಕು. ಇದು ಸಣ್ಣ ಮಾತಲ್ಲ. 2023ರ ಜುಲೈ 3ರ ರಾತ್ರಿ ಕಿಂಗ್‌ಸೆಸಿಂಗ್‌ನಲ್ಲಿ ಒಬ್ಬ ಮನಬಂದಂತೆ ಗುಂಡು ಹಾರಿಸಿದ. ಒಟ್ಟು ಐದು ಜನ ಸತ್ತರು. ಅವರಲ್ಲಿ ಒಬ್ಬರು ಸತ್ತದ್ದು ಆ ರಾತ್ರಿಯಲ್ಲ, ಸುಮಾರು ಎರಡು ದಿನ ಮುಂಚೆ, ತಮ್ಮ ಮನೆಯಲ್ಲೇ. ಆಗ ಗುಂಡಿನ ಸದ್ದು ಕೇಳಿ ಅಕ್ಕಪಕ್ಕದವರು 911ಕ್ಕೆ ಮಾಡಿದ್ದರು. ಆದರೆ ಪೊಲೀಸರನ್ನು ಸೌತ್ 56ನೇ ಬೀದಿಗೆ ಕಳಿಸುವ ಬದಲು ನಾರ್ತ್ 56ನೇ ಬೀದಿಗೆ ಕಳಿಸಲಾಗಿತ್ತು. ಅಲ್ಲಿ ಏನೂ ಕಾಣದೆ ಅವರು ವಾಪಸ್ಸಾದರು. ಅದಕ್ಕೇ ನಾನು ಎರಡೆರಡು ಸಲ ಹೇಳುತ್ತೇನೆ, ಅವರ ಬಾಯಲ್ಲಿ ವಾಪಸ್ ಹೇಳಿಸುತ್ತೇನೆ.

ಅಮ್ಮನಿಗೆ ಮನೆಯ ಅಡ್ರೆಸ್ಸನ್ನು ಕನ್ನಡ ಅಕ್ಷರದಲ್ಲೇ ದೊಡ್ಡದಾಗಿ ಬರೆದು ಫ್ರಿಡ್ಜ್ ಮೇಲೆ ಅಂಟಿಸಿ. ಫೋನಿನಲ್ಲೇ ದುಭಾಷಿಯನ್ನು ಸೇರಿಸಿಕೊಳ್ಳುವ ವ್ಯವಸ್ಥೆ 911ರಲ್ಲಿ ಇದೆ. ಬರೀ "ಕನ್ನಡ" ಅಂದರೆ ಅವರಿಗೆ ಕೆನಡಾ ಅಂತ ಕೇಳಿಸುತ್ತದೆ. "ಇಂಡಿಯಾ, ಕನ್ನಡ" ಅಂತ ಹೇಳಲು ಅಭ್ಯಾಸ ಮಾಡಿಸಿ. ದುಭಾಷಿ ಬರುವುದು ತಡವಾಗಬಹುದು. ಅಷ್ಟರಲ್ಲಿ ಅಡ್ರೆಸ್ ಹೋಗಿದ್ದರೆ ಅರ್ಧ ಕೆಲಸ ಆದ ಹಾಗೆ.

ಕಣ್ಣೆದುರೇ ಯಾರಿಗಾದರೂ ಗುಂಡು ತಗುಲಿದರೆ?

ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ಗುಂಡು ನಿಂತಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಹತ್ತಿರ ಹೋಗಿ.

ರಕ್ತ ನಿಲ್ಲಿಸುವುದೇ ಕೆಲಸ. ರಕ್ತ ಚಿಮ್ಮುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಕೈ ಕಾಲಿಗೆ ತಗುಲಿದ್ದರೆ ಟೂರ್ನಿಕೆಟ್ ಅನ್ನುವ, ಕಡ್ಡಿ ಇರುವ ರಕ್ತ ತಡೆಯುವ ಪಟ್ಟಿಯನ್ನು ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ ಸುತ್ತಬೇಕು. ಮೊಣಕಾಲು, ಮೊಣಕೈ ಸಂದಿನ ಮೇಲೆ ಸುತ್ತಬಾರದು. ರಕ್ತ ನಿಲ್ಲುವ ತನಕ ಕಡ್ಡಿ ತಿರುಗಿಸಿ ಬಿಗಿ ಮಾಡಬೇಕು. ಆ ಮನುಷ್ಯ ನೋವಿನಿಂದ ಕಿರುಚುತ್ತಾನೆ. ಕಿರುಚಿದ ಅಂತ ಸಡಿಲ ಮಾಡಬೇಡಿ. ಕಟ್ಟಿದ ಸಮಯವನ್ನು ಬರೆದಿಡಿ. ತೊಡೆಸಂದಿ, ಕಂಕುಳಿನಂಥ ಕಡೆ ಪಟ್ಟಿ ಕಟ್ಟಲು ಆಗುವುದಿಲ್ಲ. ಅಲ್ಲಿ ಶುದ್ಧ ಬಟ್ಟೆಯನ್ನು ಗಾಯದೊಳಗೇ ತುರುಕಿ ಎರಡೂ ಅಂಗೈಯಿಂದ ಮೈಭಾರ ಹಾಕಿ ಒತ್ತಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಏನನ್ನೂ ತುರುಕಬಾರದು.

ಓದಿದರೆ ಬರುವ ವಿದ್ಯೆ ಅಲ್ಲ ಇದು. 'ಸ್ಟಾಪ್ ದ ಬ್ಲೀಡ್' ಅಂತ ತರಬೇತಿ ಇದೆ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ದೊಡ್ಡವರು ಸತ್ತ ಮೇಲೆ, ಸಾಮಾನ್ಯ ಜನರಿಗೂ ರಕ್ತ ನಿಲ್ಲಿಸಲು ಕಲಿಸಬೇಕು ಅಂತ 2015ರಲ್ಲಿ ದೇಶವಿಡೀ ಶುರು ಮಾಡಿದರು. ಒಂದೆರಡು ಗಂಟೆ ಸಾಕು. ಎಷ್ಟೋ ಕಡೆ ಪುಕ್ಕಟೆ. ನಾನು ಕಲಿತ ದಿನ ಪಕ್ಕದಲ್ಲಿ ಕುಳಿತಿದ್ದದ್ದು ಹತ್ತನೇ ಕ್ಲಾಸಿನ ಹುಡುಗಿ. ಪ್ಲಾಸ್ಟಿಕ್ ತೊಡೆಯ ತೂತಿನೊಳಗೆ ಬಟ್ಟೆ ತುರುಕುತ್ತಾ, "ನಮ್ಮಣ್ಣನಿಗೆ ಆದಾಗ ನನಗೆ ಇದು ಗೊತ್ತಿರಲಿಲ್ಲ" ಅಂದಳು. ಅವಳ ಕೈ ಒಂದು ಚೂರೂ ನಡುಗುತ್ತಿರಲಿಲ್ಲ. ನನ್ನದು ನಡುಗುತ್ತಿತ್ತು.

ಇನ್ನೊಂದು ವಿಷಯ. ಈ ಊರಿನಲ್ಲಿ ಪೊಲೀಸರು ಆಂಬುಲೆನ್ಸ್‌ಗೆ ಕಾಯದೆ ಗುಂಡು ತಗುಲಿದವರನ್ನು ತಮ್ಮ ಕಾರಿನಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ದಶಕಗಳಿಂದ ಇರುವ ಪದ್ಧತಿ. ಎತ್ತಿ ಹಿಂದಿನ ಸೀಟಿಗೆ ಹಾಕುವುದನ್ನು ನೋಡಿ ಗಾಬರಿಯಾಗಬೇಡಿ, ತಡೆಯಬೇಡಿ.

ಮಕ್ಕಳಿಗೆ ಏನಂತ ಹೇಳಬೇಕು?

ಸುಳ್ಳು ಹೇಳಬೇಡಿ. ನಾನು ಹೇಳಿದ್ದೆ. ಮಗನಿಗೆ ಆಗ ಐದು ವರ್ಷ. "ಪಟಾಕಿ ಪುಟ್ಟಾ" ಅಂದೆ. ಮಾರನೆಯ ಬೆಳಿಗ್ಗೆ ಸ್ಕೂಲಿಗೆ ನಡೆದುಕೊಂಡು ಹೊರಟಾಗ ಮೂಲೆಯಲ್ಲಿ ಹಳದಿ ಟೇಪು. ರಸ್ತೆಯ ಮೇಲೆ ಅಲ್ಲಲ್ಲಿ ಕಾಗದದ ಲೋಟಗಳನ್ನು ಬೋರಲು ಹಾಕಿದ್ದರು. ಒಂದೊಂದು ಲೋಟದ ಕೆಳಗೆ ಒಂದೊಂದು ಖಾಲಿ ತೋಟಾ. ಅವನು ಲೋಟಗಳನ್ನು ಎಣಿಸಿದ. ಹದಿನಾಲ್ಕು. "ಅಮ್ಮಾ, ಯಾರ ಪಾರ್ಟಿ?" ಅಂತ ಕೇಳಿದ. ಆ ದಿನದಿಂದ ಸುಳ್ಳು ನಿಲ್ಲಿಸಿದೆ.

ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ. "ಯಾರೋ ಬಂದೂಕು ಹಾರಿಸಿದರು. ನಾವು ಒಳಗೆ ಇದ್ದೇವೆ. ಸದ್ದು ಕೇಳಿದರೆ ನೀನು ಮಲಗುವ ಕೋಣೆಯ ನೆಲದ ಮೇಲೆ ಮಲಗು, ನಾನು ಬರ್ತೀನಿ." ಇಷ್ಟು ಸಾಕು. ದೊಡ್ಡ ಮಕ್ಕಳು ನಿಮಗಿಂತ ಜಾಸ್ತಿ ತಿಳಿದಿರುತ್ತಾರೆ. ಫೋನಿನಲ್ಲಿ ವಿಡಿಯೋ ಆಗಲೇ ಬಂದಿರುತ್ತದೆ. ಅವರಿಗೆ ಉಪದೇಶ ಬೇಡ, ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವವರು ಬೇಕು. 2024ರ ಮಾರ್ಚಿನಲ್ಲಿ ಈ ಊರಿನ ಈಶಾನ್ಯ ಭಾಗದಲ್ಲಿ, ಸ್ಕೂಲು ಬಿಟ್ಟು ಬಸ್ಸಿಗೆ ಕಾಯುತ್ತಿದ್ದ ಎಂಟು ಮಕ್ಕಳಿಗೆ ಗುಂಡು ತಗುಲಿತು. ಬಸ್ಸಿಗೆ ಕಾಯುವುದಕ್ಕೇ ಹೆದರಬೇಕಾದ ವಯಸ್ಸಲ್ಲ ಅದು. ಅವರು ಸಿಡುಕಿದರೆ, ಮೌನವಾದರೆ, ಮಾರ್ಕ್ಸ್ ಕಡಿಮೆ ಬಂದರೆ ಸೋಮಾರಿತನ ಅಂತ ಬೈಯಬೇಡಿ.

ಮನೆ ಬದಲಾಯಿಸಿ ಊರಾಚೆಯ ಎಕ್ಸ್‌ಟನ್ ಕಡೆ ಹೋಗುವುದೇ ಒಳ್ಳೆಯದಲ್ವಾ?

ಹೋಗುವವರನ್ನು ನಾನು ತಪ್ಪು ಅನ್ನುವುದಿಲ್ಲ. ನಮ್ಮ ಪೈಕಿ ಮೂರು ಮನೆಯವರು ಹೋದರು. ಕಿಟಕಿಗೆ ಗುಂಡು ಬಿದ್ದ ಮೇಲೂ ಇರಿ ಅಂತ ಹೇಳಲು ನಾನ್ಯಾರು? ನಾವು ಉಳಿದದ್ದಕ್ಕೆ ಕಾರಣ ಕೆಲಸದ ಹತ್ತಿರ ಅನ್ನುವುದು ಒಂದು. ಇನ್ನೊಂದು, ಈ ಬೀದಿಯಲ್ಲಿ ನನ್ನ ಮಗನ ಹೆಸರು ಗೊತ್ತಿಲ್ಲದ ಮನೆ ಒಂದೂ ಇಲ್ಲ.

ರಕ್ಷಣೆಗೆ ಒಂದು ಗನ್ ತಗೊಳ್ಳಬಹುದಾ? ನಮ್ಮೂರು ಮಡಿಕೇರಿ, ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವರು ನಾವು.

ಮೊದಲು ಕಾನೂನು. ಎಚ್-1ಬಿ (ಕೆಲಸದವರದ್ದು), ಎಚ್-4 (ಅವರ ಮನೆಯವರದ್ದು), ಎಫ್-1 (ವಿದ್ಯಾರ್ಥಿಗಳದ್ದು) ವೀಸಾದಲ್ಲಿ ಇರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಆದರೆ ವಕೀಲರನ್ನು ಕೇಳದೆ ಕೈ ಹಾಕಬೇಡಿ. ಆಫೀಸಿನ ಗೆಳೆಯರು ಶೂಟಿಂಗ್ ರೇಂಜ್‌ಗೆ ಕರೆದರೂ ಹುಷಾರು. ಸುಮ್ನೆ ಕೈಯಲ್ಲಿ ಹಿಡಿದ ಫೋಟೋ ಒಂದು ಫೇಸ್‌ಬುಕ್ಕಿಗೆ ಹೋದರೆ ವೀಸಾಕ್ಕೇ ಕುತ್ತು ಬರಬಹುದು. ಗ್ರೀನ್ ಕಾರ್ಡ್ ಇದ್ದವರು, ನಾಗರಿಕರು ಕೊಳ್ಳಬಹುದು.

ಕೊಳ್ಳಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಆ ಕೋವಿ ಮನೆತನದ್ದು. ಅದನ್ನು ಯಾರು ಮುಟ್ಟಬೇಕು, ಯಾವಾಗ ಮುಟ್ಟಬೇಕು ಅನ್ನುವುದಕ್ಕೆ ಹಿರಿಯರ ಕಣ್ಣಿದೆ. ಇಲ್ಲಿ ಕೊಳ್ಳುವುದು ಜೇಬಿನಲ್ಲಿ ಕೂರುವ ಪಿಸ್ತೂಲು, ಅದೂ ಭಯದಿಂದ. ಎರಡೂ ಒಂದೇ ಅಲ್ಲ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. 2021ರಲ್ಲಿ ಒಟ್ಟು 48,830 ಸಾವು, ಅದರಲ್ಲಿ 26,000ಕ್ಕೂ ಹೆಚ್ಚು ಜನ ತಾವೇ ಹೊಡೆದುಕೊಂಡವರು. ಕೆಲಸ ಹೋದ ವಾರ, ಪರೀಕ್ಷೆ ಫೇಲಾದ ರಾತ್ರಿ ಮನೆಯಲ್ಲಿ ಬಂದೂಕು ಇರುವುದೇ ದೊಡ್ಡ ಅಪಾಯ. ಆಗಲೇ ಇದೆ ಅನ್ನುವವರು ಗುಂಡು ತೆಗೆದು, ಬೀಗ ಹಾಕಿ, ಗುಂಡನ್ನು ಬೇರೆ ಕಡೆ ಬೀಗ ಹಾಕಿಡಿ.

ಮಗ ಆಟಕ್ಕೆ ಹೋಗುವ ಮನೆಯಲ್ಲಿ ಗನ್ ಇದೆಯಾ ಅಂತ ಕೇಳಿದರೆ ತಪ್ಪು ತಿಳಿಯಲ್ವಾ?

ಕೇಳಿ. ಕಡಲೆಕಾಯಿ ಅಲರ್ಜಿ ಇದೆ ಅಂತ ಹೇಳುವ ಉಸಿರಿನಲ್ಲೇ ಕೇಳಿ. "ಮನೆಯಲ್ಲಿ ಗನ್ ಇದ್ದರೆ ಬೀಗ ಹಾಕಿದೆಯಾ?" ಅಷ್ಟೇ. ನನಗೆ ಯಾರೂ ಇದುವರೆಗೆ ಕೋಪ ಮಾಡಿಕೊಂಡಿಲ್ಲ. 2020ರಿಂದ ಈ ದೇಶದಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದ ಮಕ್ಕಳ ಸಾವಿಗೆ ಮೊದಲನೇ ಕಾರಣ ಬಂದೂಕು. ಸಂಕೋಚಕ್ಕೆ ಜಾಗ ಇಲ್ಲ.

ಸಾಕ್ಷಿ ಹೇಳಿದರೆ ವೀಸಾಕ್ಕೆ ತೊಂದರೆಯಾಗುತ್ತಾ?

ದೂರು ಕೊಡಲು, ಸಾಕ್ಷಿ ಹೇಳಲು ಬಂದವರ ವೀಸಾ ವಿಚಾರವನ್ನು ಕೇಳಬಾರದು ಅನ್ನುವುದು ಫಿಲಡೆಲ್ಫಿಯಾ ನಗರದ ನಿಯಮ. ಹೆಸರು ಹೇಳಲು ಹೆದರಿಕೆ ಇದ್ದರೆ ಪೊಲೀಸರ 215-686-8477 ನಂಬರಿಗೆ ಹೆಸರಿಲ್ಲದೆಯೇ ತಿಳಿಸಬಹುದು. ಸ್ವತಃ ದಾಳಿಗೆ ಒಳಗಾಗಿ ತನಿಖೆಗೆ ಸಹಾಯ ಮಾಡಿದವರಿಗೆ ಯು ವೀಸಾ ಅಂತ ಒಂದಿದೆ. ವರ್ಷಕ್ಕೆ 10,000 ಮಾತ್ರ ಕೊಡುವುದರಿಂದ ಸಾಲು ತುಂಬಾ ಉದ್ದ. ವಲಸೆ ವಕೀಲರ ಹತ್ತಿರ ಮಾತಾಡಿ.

ಆಸ್ಪತ್ರೆ ಬಿಲ್ಲು?

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರ ಕೊಡುವ ಯೋಜನೆ ಇದೆ. ಇನ್ಶೂರೆನ್ಸ್ ಕೊಟ್ಟು ಉಳಿದ ಆಸ್ಪತ್ರೆ ಖರ್ಚು, ಕೌನ್ಸೆಲಿಂಗ್, ಹೋದ ಸಂಬಳ, ಅಂತ್ಯಕ್ರಿಯೆ ಇದರಲ್ಲಿ ಬರುತ್ತವೆ. ಒಡೆದ ಕಾರಿನ ಗಾಜು ಬರುವುದಿಲ್ಲ. ಎಲ್ಲ ರಸೀದಿಗಳನ್ನೂ ಇಟ್ಟುಕೊಳ್ಳಿ.

ಅದು ಅವರವರ ಗಲಾಟೆ, ನಮ್ಮ ಪಾಡಿಗೆ ನಾವಿದ್ದರೆ ಸಾಕಲ್ವಾ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ನೋವಾಗುತ್ತದೆ. ನಮ್ಮ ಊಟದ ಪಂಕ್ತಿಗಳಲ್ಲಿ "ಅವರು" ಅನ್ನುವ ಮಾತು ತುಂಬಾ ಸಲೀಸಾಗಿ ಬರುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹುಡುಗ ಇದ್ದ. ಹಿಮ ಬಿದ್ದಾಗ ಕೇಳದೆಯೇ ನಮ್ಮ ಮೆಟ್ಟಿಲ ಹಿಮ ಎತ್ತಿ ಹಾಕುತ್ತಿದ್ದ. ದುಡ್ಡು ಕೊಟ್ಟರೆ ಬೇಡ ಅಂದು ಚಿತ್ರಾನ್ನ ಕೇಳುತ್ತಿದ್ದ, "ಹಳದಿ ಅನ್ನ" ಅಂತ. 2021ರಲ್ಲಿ ಅವನು ಹೋದ. ಅವನಿಗೂ ಆ ಜಗಳಕ್ಕೂ ಸಂಬಂಧವೇ ಇರಲಿಲ್ಲ. ಸಂಬಂಧ ಇದ್ದಿದ್ದರೆ ಅವನ ಅಮ್ಮನ ಸಂಕಟ ಕಡಿಮೆಯಾಗುತ್ತಿತ್ತೇ? ಕಂಬದ ಬುಡದಲ್ಲಿ ಮೇಣದ ಬತ್ತಿ, ಬಲೂನು, ಟೆಡ್ಡಿ ಗೊಂಬೆ ಇಟ್ಟರು. ಮಳೆಗೆ ಗೊಂಬೆಗಳು ನೆನೆದು ಕಪ್ಪಾದವು. ಅವನ ಅಮ್ಮ ತಿಂಗಳಿಗೊಮ್ಮೆ ಬಂದು ಹೊಸದು ಇಡುತ್ತಿದ್ದರು. ನಾನು ಏನು ಹೇಳಬೇಕು ಅಂತ ಗೊತ್ತಾಗದೆ ಒಂದು ಡಬ್ಬಿ ಚಿತ್ರಾನ್ನ ತೆಗೆದುಕೊಂಡು ಹೋದೆ. ಅವರು ಬಾಗಿಲಲ್ಲೇ ನಿಂತು ಡಬ್ಬಿ ತೆರೆದು ನೋಡಿ ನನ್ನ ಕೈ ಹಿಡಿದುಕೊಂಡರು.

ಸಾವಿನ ಮನೆಗೆ ಹೋಗುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಊರಿನಲ್ಲಿ ಜಗಳ ಇದ್ದ ಮನೆಗೂ ಹೋಗುತ್ತೇವೆ. ಇಲ್ಲೂ ಹೋಗಿ.

ಸಾಮಾನ್ಯ ಜನ ನಾವು, ಏನು ಮಾಡಲು ಸಾಧ್ಯ?

ಪಾಳು ಸೈಟುಗಳಿಂದ ಶುರು ಮಾಡಿ. ಇದು ಬಾಯಿಮಾತಲ್ಲ. ಇಲ್ಲಿನ ಪೆನ್ ಯೂನಿವರ್ಸಿಟಿಯವರು 541 ಪಾಳು ಸೈಟುಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವನ್ನು ಶುಚಿ ಮಾಡಿಸಿ ಹುಲ್ಲು, ಗಿಡ, ಮರದ ಸಣ್ಣ ಬೇಲಿ ಹಾಕಿಸಿದರು. ಕೆಲವನ್ನು ಇದ್ದ ಹಾಗೇ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು. ಬಡ ಬಡಾವಣೆಗಳಲ್ಲಿ, ಹಸಿರು ಮಾಡಿದ ಸೈಟುಗಳ ಸುತ್ತ ಬಂದೂಕಿನ ಹಿಂಸೆ 29 ಶೇಕಡಾ ಇಳಿದಿತ್ತು. ಪೊದೆಯಲ್ಲಿ ಬಂದೂಕು ಬಚ್ಚಿಡಲು ಆಗುವುದಿಲ್ಲ. ಜನ ಹೊರಗೆ ಕೂರುತ್ತಾರೆ. ಕಣ್ಣುಗಳು ಜಾಸ್ತಿ ಆಗುತ್ತವೆ.

ನಿಮ್ಮ ಬೀದಿಗೆ ಬ್ಲಾಕ್ ಕ್ಯಾಪ್ಟನ್ ಯಾರು ಅಂತ ಕೇಳಿ. ಬೀದಿಯವರೇ ಆರಿಸಿಕೊಳ್ಳುವ ಹಿರಿಯರು ಅವರು, ಈ ಊರಿನ ಹಳೆಯ ಪದ್ಧತಿ. ಬೇಸಿಗೆಯಲ್ಲಿ ಒಂದು ದಿನ ಎರಡೂ ಕಡೆ ರಸ್ತೆ ಮುಚ್ಚಿ ಕಸ ಗುಡಿಸಿ ಊಟ ಮಾಡುತ್ತಾರೆ. ಪೊರಕೆ ಹಿಡಿದುಕೊಂಡು ಹೋಗಿ. ನಾನು ಇಲ್ಲಿ ಮೂರು ವರ್ಷ ಇದ್ದು ಪಡೆಯದ ಪರಿಚಯ ಒಂದು ಬೆಳಿಗ್ಗೆಯ ಗುಡಿಸಾಟದಲ್ಲಿ ಸಿಕ್ಕಿತು.

ಜಗಳ ಬಿಡಿಸುವುದನ್ನೇ ಕೆಲಸ ಮಾಡಿಕೊಂಡವರೂ ಇದ್ದಾರೆ. ತಾವೇ ಹಿಂದೆ ಆ ದಾರಿಯಲ್ಲಿ ನಡೆದವರು, ಜೈಲು ನೋಡಿ ಬಂದವರು. ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು ಸೇಡು ಬೇಡ ಅಂತ ಹುಡುಗರ ಮನಸ್ಸು ತಿರುಗಿಸುತ್ತಾರೆ. ಅವರಿಗೆ ದುಡ್ಡು ಯಾವಾಗಲೂ ಸಾಲುವುದಿಲ್ಲ. ನಗರದ ಬಜೆಟ್ ಸಭೆ ಪ್ರತಿ ವರ್ಷ ನಡೆಯುತ್ತದೆ. ವೋಟು ಇಲ್ಲದಿದ್ದರೂ ಅಲ್ಲಿ ಸ್ವಲ್ಪ ಹೊತ್ತು ಮಾತಾಡಬಹುದು.

ಈಗ ಕಡಿಮೆಯಾಗಿದೆ, ಆದರೂ ನನಗೆ ನಿದ್ದೆ ಬರುವುದಿಲ್ಲ.

ಮೈ ಅಷ್ಟು ಬೇಗ ನಂಬುವುದಿಲ್ಲ. ಟ್ರಕ್ಕಿನ ಬಾಗಿಲು ಧಡ್ ಅಂದರೆ ನನಗೆ ಈಗಲೂ ಕೈ ಬೆವರುತ್ತದೆ. ಇದು ದುರ್ಬಲತೆ ಅಲ್ಲ. ವಾರಗಟ್ಟಲೆ ಹೀಗೇ ಇದ್ದರೆ ಡಾಕ್ಟರಿಗೆ ಹೇಳಿ. ತೀರಾ ಕತ್ತಲು ಅನಿಸಿದರೆ ಮನಸ್ಸಿನ ಸಂಕಟದಲ್ಲಿರುವವರ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಮೆಸೇಜ್ ಕಳಿಸಬಹುದು. ರಾತ್ರಿ ಮಲಗುವ ಮುಂಚೆ ಬೀದಿಯ ಸುದ್ದಿ ಹಾಕುವ ಆ್ಯಪ್‌ಗಳನ್ನು ನೋಡುವುದು ಬಿಡಿ. ನನಗೆ ಅರ್ಧ ನಿದ್ದೆ ವಾಪಸ್ ಬಂದದ್ದು ಅದನ್ನು ಬಿಟ್ಟ ಮೇಲೆ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಹೇಳಬೇಕಾ?

ಟಿವಿಯಲ್ಲಿ ನೋಡುವ ಮುಂಚೆ ನಿಮ್ಮ ಬಾಯಿಂದ ಕೇಳಲಿ. 2022ರ ಜೂನ್ 4ರ ರಾತ್ರಿ ಸೌತ್ ಸ್ಟ್ರೀಟ್‌ನ ಜನಜಂಗುಳಿಯಲ್ಲಿ ಗುಂಡು ಹಾರಿ ಮೂವರು ಸತ್ತು ಹನ್ನೊಂದು ಜನರಿಗೆ ಗಾಯವಾಯಿತು. ಇಲ್ಲಿ ನಾವು ಮಲಗಿದ್ದೆವು. ಅಲ್ಲಿ ಹಾಸನದಲ್ಲಿ ಬೆಳಕಾಗಿ ಅಮ್ಮ ಸುದ್ದಿ ನೋಡಿ ಫೋನ್ ಮಾಡಿದರು. ನನ್ನ ಫೋನ್ ಸೈಲೆಂಟ್‌ನಲ್ಲಿತ್ತು. ಇಪ್ಪತ್ತಮೂರು ಮಿಸ್ಡ್ ಕಾಲ್. ಈಗ ಅಮ್ಮನ ಹತ್ತಿರ ನನ್ನ ನಂಬರಿನ ಜೊತೆ ಪಕ್ಕದ ಮನೆಯ ಅಜ್ಜಿಯ ನಂಬರೂ ಇದೆ. ಅಜ್ಜಿಗೆ ಕನ್ನಡ ಬರುವುದಿಲ್ಲ, ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅಮ್ಮ ನನ್ನ ಹೆಸರು ಹೇಳಿದರೆ ಸಾಕು, ಅಜ್ಜಿ ಬಂದು ನಮ್ಮ ಬಾಗಿಲು ಬಡಿಯುತ್ತಾರೆ.